ಚಾವಣಿ ಸೋಲುವುದು ಅಂಚಿನಲ್ಲಿ

ಮಂಗಳೂರು ಹೆಂಚೊಂದನ್ನು ಬೋರಲು ಹಾಕಿ ನೋಡಿ. ರೀಪಿಗೆ ಸಿಕ್ಕಿಕೊಳ್ಳಲೆಂದು ಮಾಡಿದ ಗಟ್ಟಿ ಉಬ್ಬುಗಳಲ್ಲದೆ ಬಹಳಷ್ಟು ಹೆಂಚುಗಳಲ್ಲಿ ಇನ್ನೊಂದು ಪುಟ್ಟ ಕಿವಿ ಕಾಣುತ್ತದೆ. ಅದರಲ್ಲೊಂದು ತೂತು, ತೆಳು ತಂತಿ ತೂರುವಷ್ಟು. ಹೆಂಚನ್ನು ರೀಪಿಗೆ ಕಟ್ಟಿ ಬಿಗಿಯಲೆಂದೇ ಆ ತೂತು ಬಿಟ್ಟಿರುವುದು. ಆದರೆ ಹೆಂಚು ಹೊದೆಸುವಾಗ ಅದಕ್ಕೆ ತಂತಿ ಕಟ್ಟುವವರು ತೀರ ಅಪರೂಪ. ಹೆಂಚಿನ ಭಾರವೇ ಸಾಕು ಎಂಬ ನಂಬಿಕೆ. ಮನೆಯ ನಡುಭಾಗದ ಮಟ್ಟಿಗೆ ಆ ನಂಬಿಕೆ ಸುಳ್ಳೂ ಅಲ್ಲ. ಸೂರಿನ ಅಂಚಿನ ಎರಡು ಸಾಲು, ನೆತ್ತಿಯ ಸಾಲು, ಎರಡೂ ಪಕ್ಕದ ಕೊನೆ ಹೆಂಚುಗಳು, ಇವಿಷ್ಟಕ್ಕೆ ಮಾತ್ರ ಭಾರವೊಂದೇ ಸಾಲದು. ಗಾಳಿ ಮೊದಲು ಎಬ್ಬಿಸುವುದು ಇವನ್ನೇ. ಒಂದು ಹೆಂಚು ಎದ್ದರೆ ಪಕ್ಕದ್ದರ ಹಿಡಿತ ತಪ್ಪುತ್ತದೆ, ಅಲ್ಲಿಂದ ಮುಂದೆ ಇಡೀ ಮಾಡೇ ಗಾಳಿಯ ಪಾಲು.

ಕರಾವಳಿ, ಮಲೆನಾಡು, ಬಯಲುಸೀಮೆಗಳ ಚಾವಣಿಗಳನ್ನು ನೋಡುತ್ತ ಬಂದ ಹಾಗೆ ನನ್ನಲ್ಲಿ ಗಟ್ಟಿಯಾದ ಮಾತು ಇದೊಂದೇ. ಹೆಂಚಿರಲಿ, ತಗಡಿರಲಿ, ಮಣ್ಣಿನ ಮಾಳಿಗೆಯಿರಲಿ, ಕಾಂಕ್ರೀಟ್ ತಾರಸಿಯಿರಲಿ, ಚಾವಣಿ ನಡುವಿನಲ್ಲಿ ಸೋಲುವುದು ಅಪರೂಪ. ಸೋಲುವುದು ಅಂಚಿನಲ್ಲಿ, ಎರಡು ವಸ್ತು ಕೂಡುವ ಸಂದಿನಲ್ಲಿ, ನೀರು ಹೊರಬೀಳುವ ಬಾಯಲ್ಲಿ. ನಾವು ಹಣ ಸುರಿಯುವುದು ಮಾತ್ರ ನಡುವಿಗೆ. ದಪ್ಪ ಶೀಟು, ದುಬಾರಿ ಬಣ್ಣ, ಹತ್ತು ವರ್ಷದ ಗ್ಯಾರಂಟಿಯ ವಾಟರ್‌ಪ್ರೂಫಿಂಗ್. ಅಂಚನ್ನು ನೋಡಿಕೊಳ್ಳಲು ಬೇಕಾದ ಖರ್ಚು ಇದಕ್ಕೆ ಹೋಲಿಸಿದರೆ ಏನೂ ಅಲ್ಲ. ಬೇಕಾದದ್ದು ವರ್ಷಕ್ಕೊಮ್ಮೆ ಮೇಲೆ ಹತ್ತಿ ನೋಡುವ ಮನಸ್ಸು, ಮತ್ತೆ ಬಲ್ಲವರ ಕೈ.

ಮೊದಲು ಹೆಂಚಿನಿಂದಲೇ ಶುರುಮಾಡೋಣ. ಒಂದರೊಳಗೊಂದು ಕೂಡುವ ಹೆಂಚನ್ನು ಫ್ರಾನ್ಸಿನ ಆಲ್ಸಾಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರ ಹೊತ್ತಿಗೆ ರೂಪಿಸಿದ್ದರು. ಆ ಬಗೆಯ ಹೆಂಚನ್ನು ನಮ್ಮಲ್ಲಿಗೆ ತಂದದ್ದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ. ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡಕ್ಕೆ ಹತ್ತಿರ, 1865ರಲ್ಲಿ ಅವರ ಹೆಂಚಿನ ಕಾರ್ಖಾನೆ ಶುರುವಾಯಿತು. ನದಿಯ ಜೇಡಿ ಮಣ್ಣು, ಘಟ್ಟದ ಕಟ್ಟಿಗೆ, ಸಾಗಿಸಲು ಬಂದರು, ಮೂರೂ ಅಲ್ಲೇ ಇದ್ದವು. ಅದಕ್ಕೆ ಮುಂಚೆ ಬಡವರ ಮನೆಗೆ ಮುಳಿಹುಲ್ಲು, ಮಡಲು, ಸೋಗೆ. ಸ್ವಲ್ಪ ಇದ್ದವರಿಗೆ ಕುಂಬಾರನ ನಾಡಹೆಂಚು. ಹುಲ್ಲು ವರ್ಷ ವರ್ಷ ಬದಲಾಗಬೇಕು, ಬೆಂಕಿಯ ಭಯ ಬೇರೆ. ನಾಡಹೆಂಚು ಬೆಕ್ಕು ಓಡಿದರೂ ಜರುಗುತ್ತದೆ. ಹೊಸ ಹೆಂಚು ಈ ಎರಡು ಕಷ್ಟವನ್ನೂ ಒಟ್ಟಿಗೆ ಕಳೆಯಿತು. ಒಂದೊಂದೂ ಸುಮಾರು ಎರಡೂವರೆ ಕಿಲೋ, ಚದರ ಮೀಟರಿಗೆ ಹದಿನೈದು-ಹದಿನಾರು. ಅಂದರೆ ಚದರ ಮೀಟರಿಗೆ ಹತ್ತಿರ ಹತ್ತಿರ 40 ಕಿಲೋ ಭಾರ ಮನೆಯ ಮೇಲೆ ಕೂತಿರುತ್ತದೆ.

ಆದರೆ ಹೆಂಚು ಬಂದಿತೆಂದು ವರ್ಷದ ಕೆಲಸ ತಪ್ಪಲಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ ಏಳು ಸಾವಿರ ಮಿಲಿಮೀಟರ್ ದಾಟುತ್ತದೆ, ಅದೇ ಜಿಲ್ಲೆಯ ಹುಲಿಕಲ್ಲಿನಲ್ಲಿ ಕೆಲವು ವರ್ಷ ಅದಕ್ಕಿಂತಲೂ ಹೆಚ್ಚು. ಅಂಥ ಕಡೆ ಅಡಿಕೆ ಕೆಲಸ ಮುಗಿದು ಬಿಸಿಲು ಏರುತ್ತಿದ್ದಂತೆ ಮನೆ ಹೊದಿಕೆಯ ಕೆಲಸ ಶುರು. ಹೆಂಚು ಕೈಯಾಡಿಸುವುದು, ಒಡೆದದ್ದನ್ನು ಬದಲಿಸುವುದು, ಅಡಿಕೆ ಮರ ಸೀಳಿ ಮಾಡಿದ ದಂಬೆಯನ್ನು ಸೂರಿನಡಿ ಕಟ್ಟುವುದು, ಗಾಳಿ ಬೀಸುವ ಕಡೆಯ ಗೋಡೆಗೆ ಸೋಗೆಯ ತಟ್ಟಿ ನಿಲ್ಲಿಸುವುದು. ಇದನ್ನು ಯಾರೂ ರಿಪೇರಿ ಎಂದು ಕರೆಯುತ್ತಿರಲಿಲ್ಲ. ಹಪ್ಪಳ ಒಣಗಿಸುವುದು, ಕಟ್ಟಿಗೆ ಒಟ್ಟುವುದು ಇದ್ದ ಹಾಗೆ ಇದೂ ಮಳೆಗಾಲದ ತಯಾರಿಯ ಒಂದು ಭಾಗ.

ಬಲ್ಲವರು ಹೆಂಚು ನೋಡುವ ಕ್ರಮವನ್ನು ಹತ್ತಿರದಿಂದ ಗಮನಿಸಬೇಕು. ಅವರು ಮೊದಲು ಮಾಡು ಹತ್ತುವುದಿಲ್ಲ, ಅಟ್ಟ ಹತ್ತುತ್ತಾರೆ. ಮಧ್ಯಾಹ್ನದ ಹೊತ್ತು, ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ಮನೆ ಕೂರುತ್ತಾರೆ. ಹೆಂಚಿನ ಸಂದಿನಲ್ಲಿ ಬೆಳಕಿನ ಚುಕ್ಕೆಗಳು ಒಂದೊಂದಾಗಿ ಕಾಣತೊಡಗುತ್ತವೆ. ಆದರೆ ಬೆಳಕು ಬಂದಲ್ಲೆಲ್ಲ ನೀರು ಬರುವುದಿಲ್ಲ. ಹಾಗಾಗಿ ಅವರ ಕಣ್ಣು ಪಕಾಸಿಯ ಮೇಲೆ. ಮರದ ಮೇಲೆ ಕಪ್ಪಗೆ ಕಟ್ಟಿದ ನೀರಿನ ಗೆರೆಯೊಂದನ್ನು ಹಿಡಿದು, ಬೆರಳಿನಲ್ಲಿ ಮುಟ್ಟುತ್ತ, ಅದು ಶುರುವಾದ ಕಡೆಗೆ ಮೇಲೆ ಮೇಲೆ ಹೋಗುತ್ತಾರೆ. ನಡುಮನೆಯಲ್ಲಿ ಬಕೆಟ್ ಇಟ್ಟ ಜಾಗಕ್ಕೂ ನೀರು ಒಳಬಂದ ಜಾಗಕ್ಕೂ ಎಂಟು-ಹತ್ತು ಅಡಿ ಅಂತರವಿರುವುದುಂಟು. ನೀರು ನೆತ್ತಿಯ ಹತ್ತಿರ ಒಳನುಗ್ಗಿ, ಪಕಾಸಿಯ ಬೆನ್ನಿಗೆ ಅಂಟಿಕೊಂಡು ಇಳಿದು, ಎಲ್ಲೋ ಒಂದು ಗಂಟಿನಲ್ಲಿ ಹನಿಯಾಗಿ ಬಿದ್ದಿರುತ್ತದೆ. ಕೆಳಗೆ ನಿಂತು ಹನಿ ಬೀಳುವ ನೇರಕ್ಕೇ ಹೆಂಚು ಬದಲಿಸುವ ಮನೆಯವರು ಪ್ರತಿ ವರ್ಷ ಅದೇ ಜಾಗದಲ್ಲಿ ಬಕೆಟ್ ಇಡುತ್ತಾರೆ. ಒಡೆದ ಹೆಂಚಿಗಿಂತ ಜರುಗಿದ ಹೆಂಚು ಹೆಚ್ಚು ಕಾಟ ಕೊಡುತ್ತದೆ ಎಂದು ಈ ಕೆಲಸದವರು ಹೇಳುವುದು, ಅದು ಕೆಳಗಿನಿಂದ ಕಾಣದ ಕಾರಣಕ್ಕೆ. ಎರಡು ಮಾಡು ಕೂಡುವ ತಗ್ಗಿನಲ್ಲಿ ಹಲಸು-ಮಾವಿನ ತರಗೆಲೆ ಕೊಳೆತು ಕೂತಿದ್ದರೆ ನೀರು ಹಿಮ್ಮುಖವಾಗಿ ಹೆಂಚಿನಡಿಗೆ ಏರುತ್ತದೆ. ಅಲ್ಲಿ ಹೆಂಚಿನದೇನೂ ತಪ್ಪಿಲ್ಲ, ಒಂದು ಬುಟ್ಟಿ ಕಸ ತೆಗೆದರೆ ಸೋರುವುದು ನಿಲ್ಲುತ್ತದೆ.

ಇಂಥ ಬಲ್ಲ ಕೈಗಳು ಈಗ ಕಡಿಮೆಯಾಗಿವೆ. ಹೆಂಚಿನ ಮನೆಗಳು ತಗಡಿಗೆ ತಿರುಗಿದ್ದಕ್ಕೆ ಕೂಲಿಯಾಳಿನ ಅಭಾವ ಒಂದು ಕಾರಣ, ಮಂಗಗಳು ಇನ್ನೊಂದು. ಮಲೆನಾಡಿನಲ್ಲಿ ಮಂಗಗಳ ಹಿಂಡು ಒಮ್ಮೆ ಮಾಡಿನ ಮೇಲೆ ಹಾದುಹೋದರೆ ಹತ್ತಿಪ್ಪತ್ತು ಹೆಂಚಿಗೆ ಸಂಚಕಾರ. ಮಳೆಗಾಲದ ನಡುವೆ ಅದನ್ನು ಸರಿಪಡಿಸಲು ಯಾರೂ ಸಿಗುವುದಿಲ್ಲ. ವಯಸ್ಸಾದ ದಂಪತಿ ಇಬ್ಬರೇ ಇರುವ ಮನೆಯವರು ಬೇಸತ್ತು ಹೆಂಚಿಳಿಸಿ ಶೀಟು ಹೊದೆಸಿದರೆ ನಾನಂತೂ ತಪ್ಪೆನ್ನಲಾರೆ.

ಆದರೆ ಶೀಟಿಗೆ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಹೆಂಚಿನ ಮನೆಯ ವೈರಿ ಮಳೆ, ಶೀಟಿನ ಮನೆಯ ವೈರಿ ಗಾಳಿ. ಕಟ್ಟಡಗಳು ಎಷ್ಟು ಗಾಳಿ ತಾಳಬೇಕು ಎಂಬುದಕ್ಕೆ ನಮ್ಮಲ್ಲಿ ಐಎಸ್ 875 ಎಂಬ ಮಾನಕವಿದೆ. ಅದರ ಪ್ರಕಾರ ಬೆಂಗಳೂರಿನಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಮಂಗಳೂರಿನಲ್ಲಿ ಸೆಕೆಂಡಿಗೆ 39 ಮೀಟರ್, ಗಂಟೆಗೆ 140 ಕಿಲೋಮೀಟರ್. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. 33 ಮೀಟರಿನ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 66 ಕಿಲೋ ತೂಕಕ್ಕೆ ಸಮ, 39 ಮೀಟರಿನದು 90 ಕಿಲೋ ದಾಟುತ್ತದೆ. ಚಾವಣಿಯ ಮೂಲೆ, ಅಂಚುಗಳಲ್ಲಿ ಮೇಲಕ್ಕೆಳೆಯುವ ಸೆಳೆತ ಇದಕ್ಕೂ ಹೆಚ್ಚಾಗುವುದುಂಟು. ಅರ್ಧ ಮಿಲಿಮೀಟರ್ ದಪ್ಪದ ತಗಡಿನ ಸ್ವಂತ ತೂಕ ಚದರ ಮೀಟರಿಗೆ ಐದು ಕಿಲೋ ಕೂಡ ಇಲ್ಲ. ಅಂದಮೇಲೆ ಅದು ಮನೆಯ ಮೇಲೆ ನಿಂತಿರುವುದು ಬರೀ ಸ್ಕ್ರೂಗಳ ಬಲದಿಂದ. ಗಾಳಿ ಬಡಿಯುವ ಕಡೆಯ ಬಾಗಿಲು ತೆರೆದಿದ್ದರಂತೂ ಒಳಗಿನಿಂದ ದೂಡುವ ಗಾಳಿಯೂ ಮೇಲಿನಿಂದ ಎಳೆಯುವ ಗಾಳಿಯೂ ಸೇರಿ ಕೊಡೆ ಮಗುಚಿದ ಹಾಗೆ ಇಡೀ ಹೊದಿಕೆ ಮಗುಚುತ್ತದೆ. ಬಿರುಗಾಳಿ ಶುರುವಾದಾಗ ಬಾಗಿಲು ಕಿಟಕಿ ಹಾಕಿಕೊಳ್ಳಿ ಎಂದು ಹಿರಿಯರು ಕೂಗುತ್ತಿದ್ದುದು ಮಳೆ ಎರಚಲಿಗಷ್ಟೇ ಅಲ್ಲ.

ಹೀಗಿರುವಾಗ ಶೀಟಿನ ಬಣ್ಣ, ಬ್ರ್ಯಾಂಡು ನೋಡಿ ಆರಿಸುವ ನಾವು ಸ್ಕ್ರೂ ಕಡೆ ನೋಡುವುದೇ ಇಲ್ಲ. ಸ್ಕ್ರೂವಿನ ತಲೆಯಡಿ ಒಂದು ರಬ್ಬರ್ ವಾಷರ್ ಇರುತ್ತದೆ. ಕೆಲವು ಬೇಸಿಗೆ ಕಳೆದರೆ ಅದು ಒಣಗಿ ಬಿರಿಯುತ್ತದೆ. ಮೊದಲು ಹನಿ, ಆಮೇಲೆ ತುಕ್ಕು, ಆಮೇಲೆ ತೂತು ದೊಡ್ಡದಾಗಿ ಸ್ಕ್ರೂ ಸಡಿಲ. ಅಷ್ಟಾದ ಮೇಲೆ ಒಂದು ಜೋರು ಗಾಳಿ ಸಾಕು. ಅಂಚಿನ ಸಾಲುಗಳಲ್ಲಿ, ಮೂಲೆಗಳಲ್ಲಿ ಸ್ಕ್ರೂಗಳನ್ನು ನಡುವಿಗಿಂತ ಹತ್ತಿರ ಹತ್ತಿರ ಹಾಕಿಸಬೇಕು. ಏಪ್ರಿಲಿನಲ್ಲೊಮ್ಮೆ ಸ್ಪ್ಯಾನರ್ ಹಿಡಿದು ಪ್ರತಿಯೊಂದನ್ನೂ ತಿರುಗಿಸಿ ನೋಡಬೇಕು, ಬಿರಿದ ವಾಷರ್ ಬದಲಿಸಬೇಕು. ಶೀಟು ಹಾರದಿರಲೆಂದು ಮೇಲೆ ಕಲ್ಲು, ಇಟ್ಟಿಗೆ, ಹಳೆ ಟೈರು ಹೇರುವುದನ್ನು ನಗರದ ಕೂಲಿಕಾರರ ಶೆಡ್ಡುಗಳಿಂದ ಹಿಡಿದು ಉತ್ತರ ಕರ್ನಾಟಕದ ಪತ್ರಾಸ್ ಮನೆಗಳವರೆಗೆ ಎಲ್ಲ ಕಡೆ ಕಾಣುತ್ತೇವೆ. ಆ ಕಲ್ಲು ಗಾಳಿಯನ್ನು ತಡೆಯುವುದಿಲ್ಲ, ಶೀಟಿನ ಜೊತೆ ಅದೂ ಹಾರಿ ಮಲಗಿದವರ ಮೇಲೆ ಬೀಳುತ್ತದೆ. ಕಲ್ಲಿನ ಬದಲು ಶೀಟನ್ನು ಅಡಿಯ ಕಬ್ಬಿಣಕ್ಕೆ ಬಿಗಿಯುವ ಜೆ ಬೋಲ್ಟ್ ಹಾಕಿಸಲು ಬೇಕಾಗುವುದು ಸಣ್ಣ ಮೊತ್ತ. ಆದರೆ ದಿನಗೂಲಿಯವರಿಗೆ ಆ ಸಣ್ಣ ಮೊತ್ತವೂ ಒಮ್ಮೆಗೆ ಕೈಗೆ ಬರುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ಕರಾವಳಿಯಲ್ಲಿ ಈಗ ಕಣ್ಣಿಗೆ ಹೊಡೆಯುವ ಮತ್ತೊಂದು ನೋಟವಿದೆ. ಇಳಿಜಾರು ಮಾಡು ಕೆಡವಿ ಚಪ್ಪಟೆ ತಾರಸಿ ಹಾಕಿದ ಮನೆಗಳ ಮೇಲೆ ಹತ್ತು-ಹದಿನೈದು ವರ್ಷಗಳಲ್ಲೇ ಕಬ್ಬಿಣದ ಕಂಬ ನಿಲ್ಲಿಸಿ ಮತ್ತೆ ಇಳಿಜಾರು ಶೀಟು ಹೊದೆಸುತ್ತಿದ್ದಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ಚಪ್ಪಟೆ ಚಾವಣಿ ನಿಭಾಯಿಸದು ಎಂಬುದನ್ನು ಊರಿಗೆ ಊರೇ ಒಪ್ಪಿಕೊಂಡಂತಾಗಿದೆ. ಮನೆ ತಂಪಾಗುತ್ತದೆ, ಅಡಿಕೆ-ಬಟ್ಟೆ ಒಣಗಿಸಲು ಜಾಗವಾಗುತ್ತದೆ, ಸೋರುವುದೂ ನಿಲ್ಲುತ್ತದೆ. ಒಳ್ಳೆಯ ಉಪಾಯವೇ. ಆದರೆ ಸುತ್ತ ಗೋಡೆಯಿಲ್ಲದ ಈ ಮೇಲ್ಚಾವಣಿಯ ಅಡಿಗೆ ಗಾಳಿ ಸಲೀಸಾಗಿ ನುಗ್ಗುತ್ತದೆ. ಕಂಬದ ಬುಡವನ್ನು ತಾರಸಿಗೆ ಸರಿಯಾಗಿ ಬೋಲ್ಟ್ ಹಾಕಿ ಕೂರಿಸದೆ ಬರೀ ಸಿಮೆಂಟಿನಲ್ಲಿ ಹುಗಿದಿದ್ದರೆ ಕಂಬಸಮೇತ ಕಿತ್ತುಕೊಂಡು ಹೋಗುತ್ತದೆ. ಇಲ್ಲಿಯೂ ಸೋಲುವುದು ಸಂದೇ.

ಘಟ್ಟ ದಾಟಿ ಉತ್ತರಕ್ಕೆ ಹೋದರೆ ಬೇರೆಯೇ ಲೋಕ. ರಾಯಚೂರು, ಕೊಪ್ಪಳ, ವಿಜಯಪುರದ ಕಡೆ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು, ಬಿಸಿಲು ಮಾತ್ರ 40 ಡಿಗ್ರಿ ದಾಟಿದ್ದು. ಅಲ್ಲಿ ಚಾವಣಿ ಕಾಯಬೇಕಾದದ್ದು ಸುಡುವ ಬಿಸಿಲಿನಿಂದ. ಹಾಗಾಗಿ ತೊಲೆ, ಜಂತೆ, ಅದರ ಮೇಲೆ ಕಟ್ಟಿಗೆ ಚಕ್ಕೆ ಅಥವಾ ಹುಲ್ಲು, ಅದರ ಮೇಲೆ ದಪ್ಪಗೆ ಮಣ್ಣು. ಹೀಗೆ ಕಟ್ಟಿದ ಮೇಲ್ಮುದ್ದೆಯ ಮನೆ ಮಧ್ಯಾಹ್ನದಲ್ಲೂ ತಣ್ಣಗಿರುತ್ತದೆ. ಮೇಲ್ಪದರಕ್ಕೆ ಸಿಕ್ಕಿದ ಮಣ್ಣು ಹಾಕುತ್ತಿರಲಿಲ್ಲ. ಹೊಲಕ್ಕೆ ಬಾರದ, ಏನೂ ಬೆಳೆಯದ ಕರಲು ಮಣ್ಣನ್ನು ಹುಡುಕಿ ತರುತ್ತಿದ್ದರು. ಅದರಲ್ಲಿರುವ ಸೋಡಿಯಂ ಲವಣದಿಂದಾಗಿ ನೆಂದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ತುಂಬಿಬಿಡುತ್ತವೆ, ನೀರು ಇಂಗುವುದಿಲ್ಲ. ಬೇಸಾಯಕ್ಕೆ ಶಾಪವಾದ ಗುಣ ಮಾಳಿಗೆಗೆ ವರವಾಯಿತು. ಹುಲ್ಲು ಹುಟ್ಟುವುದಿಲ್ಲವಾದ್ದರಿಂದ ಬೇರು ಇಳಿದು ಬಿರುಕು ಬಿಡುವ ಚಿಂತೆಯೂ ಇಲ್ಲ. ಯಾವ ಪ್ರಯೋಗಾಲಯವೂ ಹೇಳಿಕೊಡದೆ ರೈತರು ಕಂಡುಕೊಂಡ ಈ ವಿದ್ಯೆಯ ಬಗ್ಗೆ ನನಗೆ ತುಂಬ ಗೌರವ.

ಈ ಮನೆಗಳು ಸೋಲುವುದು ಎರಡು ಕಾರಣಕ್ಕೆ. ಒಂದು, ಗೋಡೆಯ ತಲೆ. ಮಾಳಿಗೆಯೂ ಗೋಡೆಯೂ ಕೂಡುವಲ್ಲಿ ನೀರು ಇಳಿದರೆ ಮಣ್ಣಿನ ಗೋಡೆ ಬುಡದವರೆಗೆ ನೆನೆಯುತ್ತದೆ. ಇನ್ನೊಂದು, ಭಾರ. ಸೋರಿದ ವರ್ಷವೆಲ್ಲ ಹಳೆಯದರ ಮೇಲೆಯೇ ಹೊಸ ಮಣ್ಣು ಹಾಕುತ್ತ ಹೋಗುವುದು ರೂಢಿ. ಒಂದು ಅಂಗುಲ ಮಣ್ಣೆಂದರೆ ಚದರ ಮೀಟರಿಗೆ ಸುಮಾರು 40 ಕಿಲೋ. ನಾಲ್ಕು ಮೀಟರ್ ಅಗಲ, ಐದು ಮೀಟರ್ ಉದ್ದದ ಕೋಣೆಗೆ ಒಂದೇ ಅಂಗುಲ ಹೆಚ್ಚಿದರೂ ಎಂಟು ಕ್ವಿಂಟಲ್. ಗೆದ್ದಲು ತಿಂದ ಹಳೆಯ ಜಂತೆಗಳ ಮೇಲೆ ಹತ್ತು ವರ್ಷ ಹೀಗೆ ಹೇರುತ್ತ ಹೋದರೆ, ಅದೂ ಮೂರು ದಿನ ಬಿಡದೆ ನೆಂದು ನೀರು ಕುಡಿದರೆ? 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರಿನ ಮೊದಲ ದಿನಗಳಲ್ಲಿ ಆದದ್ದು ಅದೇ. ಬರಕ್ಕೆ ಹೆಸರಾದ ಜಿಲ್ಲೆಗಳಲ್ಲಿ ಕೆಲವೇ ದಿನಗಳಲ್ಲಿ ಕಂಡುಕೇಳರಿಯದ ಮಳೆ ಸುರಿಯಿತು. ಲಕ್ಷಾಂತರ ಮನೆಗಳು ಹಾನಿಗೊಂಡವು. ಸತ್ತವರಲ್ಲಿ ಬಹಳ ಮಂದಿ ಹೊಳೆಯ ಪಾಲಾದವರಲ್ಲ, ತಮ್ಮದೇ ಮನೆಯ ಗೋಡೆ, ಮಾಳಿಗೆಯಡಿ ಸಿಕ್ಕವರು. 2019ರ ಆಗಸ್ಟಿನ ಮಳೆ-ನೆರೆಯಲ್ಲೂ ಬೆಳಗಾವಿ, ಬಾಗಲಕೋಟೆ, ಧಾರವಾಡದ ಹಳ್ಳಿಗಳು ಮಣ್ಣಿನ ಮನೆಗಳ ಕುಸಿತ ಕಂಡವು.

ಮಣ್ಣಿನ ಮಾಳಿಗೆಯವರು ಮಾಡಬೇಕಾದದ್ದು ಸರಳ. ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಅಷ್ಟೇ ಇಳಿಸಬೇಕು. ಮಳೆಗಾಲಕ್ಕೆ ಮುಂಚೆ ಜಂತೆಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳಬೇಕು, ಪೊಳ್ಳು ಸದ್ದು ಬಂದರೆ ಕಂಬದ ಆಸರೆ ಕೊಡಬೇಕು. ನೀರು ಹೊರಗೆ ಚೆಲ್ಲುವ ದೋಣಿ ಗೋಡೆಯಿಂದ ಒಂದೂವರೆ-ಎರಡು ಅಡಿಯಾದರೂ ಮುಂದೆ ಚಾಚಿರಬೇಕು, ಇಲ್ಲವಾದರೆ ಆ ನೀರೇ ಗೋಡೆಯ ಬುಡ ತಿನ್ನುತ್ತದೆ. ಮೂರು ದಿನ ಮಳೆ ಹಿಡಿದರೆ, ಗೋಡೆ ಉಬ್ಬಿದ್ದು ಕಂಡರೆ, ಜಂತೆ ಬಾಗಿದ್ದು ಕಂಡರೆ ಆ ರಾತ್ರಿ ಅಲ್ಲಿ ಮಲಗಬಾರದು. ಹೊರೆಯಾಯಿತೆಂದು ನೆಂದ ಮಾಳಿಗೆಯ ಮೇಲೆ ಹತ್ತಿ ಮಣ್ಣು ಇಳಿಸಲೂ ಹೋಗಬಾರದು.

ಕಾಂಕ್ರೀಟ್ ತಾರಸಿ ಹಾಕಿದವರಿಗೆ ತಾವು ಇದೆಲ್ಲದರಿಂದ ಪಾರಾದೆವು ಎಂಬ ಸಮಾಧಾನವಿರುತ್ತದೆ. ಗಾಳಿಯ ಮಟ್ಟಿಗೆ ಅದು ನಿಜ. ಆದರೆ ಕಾಂಕ್ರೀಟಿಗೂ ಉಸಿರಾಟದಂಥ ಚಲನೆಯಿದೆ. ಹತ್ತು ಮೀಟರ್ ಉದ್ದದ ತಾರಸಿ ಬೆಳಗಿನ ತಂಪಿಗಿಂತ 35 ಡಿಗ್ರಿ ಹೆಚ್ಚು ಕಾದರೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ. ಏಪ್ರಿಲ್-ಮೇ ತಿಂಗಳ ಸಂಜೆ, ಇಡೀ ದಿನ ಕಾದ ತಾರಸಿಯ ಮೇಲೆ ಆಲಿಕಲ್ಲು ಸಹಿತ ಮಳೆ ಬಿದ್ದಾಗ ಮೇಲ್ಮೈ ಥಟ್ಟನೆ ಕುಗ್ಗುತ್ತದೆ. ಮೇಲಿರುವ ಇಟ್ಟಿಗೆಯ ಪ್ಯಾರಾಪೆಟ್ ಗೋಡೆ ಅದೇ ಅಳತೆಗೆ ಕುಗ್ಗುವುದಿಲ್ಲ. ಅವೆರಡೂ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟುವುದು ಹೀಗೆ. ಆ ಬಿರುಕಿನಲ್ಲಿ ಇಳಿದ ನೀರು ಒಳಗಿನ ಕಬ್ಬಿಣ ಮುಟ್ಟಿದರೆ ತುಕ್ಕು ಉಬ್ಬಿ ಕೆಳಗಿನ ಕಾಂಕ್ರೀಟನ್ನು ಸಿಡಿಸುತ್ತದೆ. ಹಳೆಯ ಮನೆಗಳ ಅಡುಗೆಕೋಣೆಯ ಮೇಲೆ ಸಿಮೆಂಟ್ ಚಕ್ಕೆ ಉದುರಿ ಕೆಂಪು ಸರಳು ಕಾಣುತ್ತಿದ್ದರೆ, ಅದು ಶುರುವಾದದ್ದು ಎಷ್ಟೋ ವರ್ಷದ ಹಿಂದೆ ಮೇಲಿನ ಒಂದು ಸಣ್ಣ ಬಿರುಕಿನಲ್ಲಿ ಎಂದೇ ತಿಳಿಯಬೇಕು. ಪ್ಯಾರಾಪೆಟ್ ಮೂಲೆಯನ್ನು ಗಾರೆಯಿಂದ ದುಂಡಗೆ ತೀಡಿಸುವುದು, ನೀರು ನಿಲ್ಲದಂತೆ ಇಳಿವಾಟ ಕೊಡಿಸುವುದು, ಪೈಪು ತಾರಸಿಯನ್ನು ತೂರುವ ಜಾಗಗಳನ್ನು ಭದ್ರಪಡಿಸುವುದು, ಇಷ್ಟು ಮಾಡದೆ ಮೇಲೆ ಎಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ.

ನೀರು ಹೊರಹೋಗುವ ಬಾಯಿಯ ಲೆಕ್ಕವನ್ನೂ ಕೇಳಿ. ಸಾವಿರ ಚದರಡಿ ತಾರಸಿಯ ಮೇಲೆ ಒಂದು ತಾಸಿನಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ 4,600 ಲೀಟರ್ ನೀರು. ಒಂದು ಪ್ಲಾಸ್ಟಿಕ್ ಚೀಲವೋ ಬಾದಾಮಿ ಎಲೆಯೋ ಕೊಳವೆಯ ಬಾಯಿಗೆ ಅಂಟಿದರೆ ನಾಲ್ಕೂವರೆ ಟನ್ ಭಾರ ನಿಮ್ಮ ತಲೆಯ ಮೇಲೆ ನಿಂತಿರುತ್ತದೆ, ಮೆಟ್ಟಿಲ ಬಾಗಿಲಿನಿಂದ ಮನೆಯೊಳಗೂ ಇಳಿಯುತ್ತದೆ. ಒಂದೇ ಬಾಯಿ ಇದ್ದರೆ ಇನ್ನೊಂದನ್ನು ಕೊರೆಸಿ. ಈಚೆಗೆ ಸೌರಫಲಕ ಕೂರಿಸುವಾಗ ತಾರಸಿಗೆ ಡ್ರಿಲ್ ಹಾಕುವುದು ಹೆಚ್ಚಾಗಿದೆ. ಕೊರೆದ ತೂತುಗಳಿಗೆ ಏನು ತುಂಬಿದರೆಂದು ನಿಂತು ನೋಡಿ. ಓರೆಯಾಗಿ ನಿಲ್ಲಿಸಿದ ಫಲಕ ಗಾಳಿಗೆ ಹಾಯಿಪಟವೇ ಆದ್ದರಿಂದ ಅದರ ಬೋಲ್ಟುಗಳನ್ನೂ ವರ್ಷಕ್ಕೊಮ್ಮೆ ಬಿಗಿ ಮಾಡಿಸಿ.

ಬಿಸಿಲಿಗೆ ಸುಣ್ಣದಷ್ಟು ಅಗ್ಗದ ಮದ್ದು ಮತ್ತೊಂದಿಲ್ಲ. ಬಿಳಿ ಬಳಿದ ತಾರಸಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕಾಯುವುದು ಕಡಿಮೆ, ಹಿಗ್ಗು-ಕುಗ್ಗೂ ಕಡಿಮೆ, ಹಾಗಾಗಿ ಬಿರುಕೂ ಕಡಿಮೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದು ಸರ್ಕಾರಿ, ವಾಣಿಜ್ಯ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಕಲಬುರಗಿ, ರಾಯಚೂರು ಜಿಲ್ಲೆಗಳಿಗೂ ಅಂಥದೊಂದು ಬೇಕು. ಶೀಟಿನ ಮನೆಗಳಿಗಂತೂ ಇದು ಮೊದಲು ಸಿಗಬೇಕು, ಏಕೆಂದರೆ ಬೇಸಿಗೆಯ ಹಗಲು ಅವುಗಳೊಳಗೆ ಹಸುಗೂಸು ಮಲಗಿಸಲಾಗದು.

ಇನ್ನು ಕಾಲದ ಮಾತು. ತುಳುನಾಡಿನಲ್ಲಿ ಪತ್ತನಾಜೆ ಎಂಬ ದಿನದೊಳಗೆ ಮನೆ ಹೊದಿಕೆ ಮುಗಿಯಬೇಕು ಎಂಬ ಲೆಕ್ಕವಿತ್ತು. ಅದು ಬರುವುದು ಮೇ 24ರ ಆಸುಪಾಸು. ಆಮೇಲೂ ಮಳೆ ಹಿಡಿಯುವವರೆಗೆ ಒಂದಿಷ್ಟು ದಿನ ಇರುತ್ತಿತ್ತು. 2025ರಲ್ಲಿ ಮುಂಗಾರು ಕೇರಳ ಮುಟ್ಟಿದ್ದೇ ಮೇ 24ರಂದು, ವಾಡಿಕೆಗಿಂತ ಎಂಟು ದಿನ ಮೊದಲು. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಬಡಿದಿತ್ತು. ಮೇ ತಿಂಗಳನ್ನು ನೆಚ್ಚಿ ಕೂರುವ ಕಾಲ ಹೋಯಿತು. ಯುಗಾದಿ ಮುಗಿಯುತ್ತಿದ್ದಂತೆ ಏಣಿ ಹೊರತೆಗೆಯುವುದು ಒಳ್ಳೆಯದು. ಮನೆ ವಿಮೆಯ ಬಗ್ಗೆಯೂ ಒಂದು ಮಾತು: 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡಬೇಕಾದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬಿರುಗಾಳಿ, ನೆರೆ, ಸಿಡಿಲು, ಭೂಕುಸಿತದ ಹಾನಿ ಸೇರಿದೆ. ಸವೆದು ಸೋರಿದ್ದಕ್ಕೆ ಮಾತ್ರ ಹಣ ಸಿಗುವುದಿಲ್ಲ. ಮಳೆಗಾಲಕ್ಕೆ ಮೊದಲು ಚಾವಣಿಯ ನಾಲ್ಕು ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ವಿಮೆಗೂ ಪರಿಹಾರದ ಅರ್ಜಿಗೂ ಆಧಾರವಾಗುತ್ತದೆ.

ಕೊನೆಯದಾಗಿ, ಮೇಲೆ ಹತ್ತುವವರ ಜೀವ. ಮಳೆ ಬಂದು ಸೋರಿದ ಮೇಲೆ ಅವಸರಕ್ಕೆ ಹತ್ತುವುದು, ಪಾಚಿ ಕಟ್ಟಿದ ಹೆಂಚಿನ ಮೇಲೆ ಬರಿಗಾಲಲ್ಲಿ ನಡೆಯುವುದು, ಹಳೆಯ ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಡುವುದು, ಹೀಗೆ ಬಿದ್ದು ಸೊಂಟ ಮುರಿದುಕೊಂಡವರು, ಜೀವ ಬಿಟ್ಟವರು ಪ್ರತಿ ಊರಿನಲ್ಲೂ ಇದ್ದಾರೆ. ಸಿಮೆಂಟ್ ಶೀಟು ಹೊರಗೆ ಗಟ್ಟಿಯಾಗಿ ಕಂಡರೂ ಮನುಷ್ಯನ ತೂಕಕ್ಕೆ ಏಕಾಏಕಿ ಮುರಿಯುತ್ತದೆ. ಅಡಿಯ ಕಬ್ಬಿಣದ ಸಾಲುಗಳ ಮೇಲೆ ಬರುವಂತೆ ಹಲಗೆ ಹಾಸಿಯೇ ನಡೆಯಬೇಕು. ಅಲ್ಯುಮಿನಿಯಂ ಏಣಿ ಎತ್ತುವ ಮೊದಲು ಮೇಲಿನ ವಿದ್ಯುತ್ ತಂತಿ ನೋಡಬೇಕು. ಮೇಲೆ ಹೋಗುವವನ ಸೊಂಟಕ್ಕೆ ಹಗ್ಗವಿರಬೇಕು, ಹಗ್ಗದ ಇನ್ನೊಂದು ತುದಿ ಮಾಡಿನ ಆಚೆ ಬದಿಯ ಗಟ್ಟಿ ಕಂಬಕ್ಕೆ. ಒಂದೊಂದು ಮನೆಯವರೂ ಇದನ್ನೆಲ್ಲ ಕೊಂಡಿಟ್ಟುಕೊಳ್ಳಲಾರರು. ಗ್ರಾಮ ಪಂಚಾಯಿತಿಯಲ್ಲಿ ಎರಡು ಉದ್ದನೆಯ ಏಣಿ, ನಾಲ್ಕು ಹಲಗೆ, ಸೊಂಟಪಟ್ಟಿ, ಹಗ್ಗ ಇಟ್ಟು ಮಾರ್ಚ್-ಏಪ್ರಿಲ್‌ನಲ್ಲಿ ಬೇಕಾದವರಿಗೆ ಕೊಡಬಹುದು. ಊರಿನಲ್ಲಿ ಇನ್ನೂ ಹೆಂಚು ಕೈಯಾಡಿಸಬಲ್ಲ ಹಿರಿಯರೊಬ್ಬರು ಉಳಿದಿದ್ದರೆ ಅವರಿಗೆ ಗೌರವಧನ ಕೊಟ್ಟು ಇಬ್ಬರು ಹುಡುಗರನ್ನು ಜೊತೆಗೆ ಹಾಕಬಹುದು. ಅವರು ಮೊದಲು ನೋಡಬೇಕಾದದ್ದು ಅಂಗನವಾಡಿ ಮತ್ತು ಶಾಲೆಯ ಮಾಡು, ಆಮೇಲೆ ಒಂಟಿ ಮುದುಕಿಯರ ಮನೆ, ಆಮೇಲೆ ಕಲ್ಲು ಹೇರಿದ ಶೀಟಿನ ಮನೆಗಳು.